ಹೂಮಳೆ ನೀರಿಗೆ ಡೀಸೆಲ್ ಉಳಿತಾಯ: ಮನೆಯಲ್ಲೇ ಮಾಡಬಹುದಾದ ಮಾರ್ಪಾಡುಗಳು, ಮಾಡಬಾರದ ಮಾರ್ಪಾಡುಗಳು

ಕೊಡಗಿನ ರೊಬಸ್ಟ ಕಾಫಿ ಬೆಳೆಗಾರರಿಗೆ ಫೆಬ್ರವರಿ ಮತ್ತು ಮಾರ್ಚ್ ಡೀಸೆಲ್ ಖರ್ಚಿನ ತಿಂಗಳುಗಳು. ಕೊಯ್ಲು ಮುಗಿಯುತ್ತಿದ್ದಂತೆ ಕೆರೆ, ಹೊಳೆಗಳ ದಡದಲ್ಲಿ ಪಂಪುಗಳ ಸದ್ದು ಹಗಲಿರುಳು ಕೇಳಿಬರುತ್ತದೆ. ಈ ದಿನಗಳಲ್ಲಿ ನಮ್ಮನ್ನು ಕಾಣಲು ಬರುವ ಬೆಳೆಗಾರರು ಗೊಬ್ಬರದ ವಿಷಯಕ್ಕಿಂತ ಮೊದಲು ಕೇಳುವ ಪ್ರಶ್ನೆ ಒಂದೇ: "ಎಂಜಿನ್ನಿಗೆ ಏನಾದರೂ ಮಾಡಿ ಡೀಸೆಲ್ ಕಡಿಮೆ ಕುಡಿಯುವಂತೆ ಮಾಡಬಹುದೆ ಸಾರ್?" ಜೀಪಿನ ಬಗ್ಗೆಯೂ ಇದೇ ಪ್ರಶ್ನೆ ಬರುವುದುಂಟು. ಮಾಡಬಹುದು ಎಂಬುದೇ ಉತ್ತರ. ಆದರೆ ಉಳಿತಾಯ ಇರುವ ಜಾಗ ಸಾಮಾನ್ಯವಾಗಿ ಬೆಳೆಗಾರರು ಕೈಹಾಕುವ ಜಾಗವಲ್ಲ. ಅವರು ಎಂಜಿನ್ನಿನ ತಿರುಪುಗಳನ್ನು ತಿರುಗಿಸುತ್ತಾರೆ. ಡೀಸೆಲ್ಲಾದರೋ ನೀರಿನೊಳಗೆ, ಕೊಳವೆಯೊಳಗೆ ಹಾಳಾಗುತ್ತಿರುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಸುಮಾರು ಹದಿನೈದು ವರ್ಷಗಳ ಹಿಂದೆ ನಮ್ಮ ಮನೆಯ ತೋಟದಲ್ಲಿ ಹೂಮಳೆ ನೀರು ಕೊಡುತ್ತಿದ್ದಾಗ ಸ್ಪ್ರಿಂಕ್ಲರ್ ಜೆಟ್‌ಗಳ ಎಸೆತ ಕುಗ್ಗಿತು. ಎಂಜಿನ್ ಹಗುರವಾಗಿಯೇ ಓಡುತ್ತಿತ್ತು, ಹೊಗೆಯೂ ಇರಲಿಲ್ಲ. ಅದೇ ಒಂದು ಸೂಚನೆ ಎಂದು ಆಗ ನನಗೆ ತಿಳಿಯಲಿಲ್ಲ. ಊರಿನ ಮೆಕ್ಯಾನಿಕ್ ಒಬ್ಬರ ಸಲಹೆಯಂತೆ ಅಣ್ಣನೂ ನಾನೂ ಗವರ್ನರ್ ಸ್ಪ್ರಿಂಗನ್ನು ಬಿಗಿಮಾಡಿ ವೇಗ ಏರಿಸಿದೆವು. ಡೀಸೆಲ್ ಪಂಪಿನ ತಿರುಪನ್ನೂ ಸಡಿಲಿಸಿದೆವು. ಪಂಪಿನಲ್ಲಿ ಡಬ್ಬಿಯೊಳಗೆ ಕಲ್ಲು ಕುಲುಕಿದಂತಹ ಶಬ್ದ ಶುರುವಾಯಿತು. ರಾತ್ರಿ ಎರಡು ಗಂಟೆಯ ಹೊತ್ತಿಗೆ ಎಂಜಿನ್ ಕಾಯ್ದು ಪಿಸ್ಟನ್ ಹಿಡಿದುಕೊಂಡಿತು. ಬೆಳಿಗ್ಗೆ ಸಕ್ಷನ್ ಪೈಪನ್ನು ಮೇಲಕ್ಕೆತ್ತಿ ನೋಡಿದರೆ, ಫುಟ್‌ವಾಲ್ವಿನ ಜಾಲರಿಗೆ ಸಿಲ್ವರ್ ಓಕ್ ಎಲೆಗಳು ಕಂಬಳಿಯಂತೆ ಸುತ್ತಿಕೊಂಡಿದ್ದವು. ಪಂಪಿಗೆ ನೀರೇ ಸಾಲದೆ ಗಾಳಿಗುಳ್ಳೆ ಎದ್ದಿತ್ತು. ಎಂಜಿನ್ ತಣಿಸುವ ನೀರೂ ಅದೇ ಪಂಪಿನಿಂದ ಬರುತ್ತಿದ್ದುದರಿಂದ ಅದೂ ನಿಂತುಹೋಗಿತ್ತು. ಐದು ನಿಮಿಷದಲ್ಲಿ ಕೈಯಿಂದ ತೆಗೆಯಬಹುದಾಗಿದ್ದ ಎಲೆಗಳಿಗಾಗಿ ಒಂದು ಪಿಸ್ಟನ್, ಒಂದು ಲೈನರ್ ಮತ್ತು ಎಂಟು ದಿನ ಹೋದವು.

ಎಂಟು ದಿನ ಎಂಬುದು ಕಾಫಿಯಲ್ಲಿ ಸಣ್ಣ ಮಾತಲ್ಲ. ರೊಬಸ್ಟ ಗಿಡ ತನ್ನ ಪರಾಗದಿಂದ ತಾನೇ ಕಾಯಿಕಟ್ಟಲಾರದು. ಪಕ್ಕದ ಗಿಡಗಳು ಒಂದೇ ಕಾಲಕ್ಕೆ ಹೂಬಿಟ್ಟರೆ ಮಾತ್ರ ಫಸಲು. ಚಳಿಗಾಲದ ಒಣಹವೆಯಲ್ಲಿ ಸುಪ್ತವಾಗಿರುವ ಮೊಗ್ಗುಗಳಿಗೆ 40 ಮಿಲಿಮೀಟರಿನಷ್ಟು, ಅಂದರೆ ಸುಮಾರು ಒಂದೂವರೆ ಇಂಚು ನೀರು ಒಂದೇ ಸಲಕ್ಕೆ ಬಿದ್ದರೆ ವಾರ ಹತ್ತು ದಿನಗಳಲ್ಲಿ ಹೂ ಒಟ್ಟಾಗಿ ಅರಳುವುದು. ಅರೆಬರೆ ನೀರು ಬಿದ್ದರೆ ಮೊಗ್ಗು ಎಚ್ಚರವಾಗುತ್ತದೆ, ಆದರೆ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ನಮ್ಮ ಆ ಬ್ಲಾಕಿನ ಮೂರನೇ ಒಂದು ಭಾಗಕ್ಕೆ ಅರ್ಧ ನೀರು ಮಾತ್ರ ಬಿದ್ದಿತ್ತು. ಆ ವರ್ಷ ಅಲ್ಲಿ ಕೊಯ್ಯಲು ಆಳು ಹಚ್ಚುವಷ್ಟೂ ಕಾಯಿ ಇರಲಿಲ್ಲ. ಆದ್ದರಿಂದ ಡೀಸೆಲ್ ಉಳಿಸುವ ಯಾವ ಮಾರ್ಪಾಡನ್ನೇ ಆಗಲಿ, ನೀರು ನಡುವೆ ನಿಲ್ಲುವ ಅಪಾಯವನ್ನು ಅದು ಹೆಚ್ಚಿಸುವುದೇ ಎಂದು ಮೊದಲು ಕೇಳಿಕೊಳ್ಳತಕ್ಕದ್ದು.

ಒಂದು ಎಕರೆಗೆ ಎಷ್ಟು ಡೀಸೆಲ್ ಬೇಕು?

ತನ್ನ ತೋಟಕ್ಕೆ ನ್ಯಾಯವಾಗಿ ಎಷ್ಟು ಡೀಸೆಲ್ ಬೇಕು ಎಂಬ ಲೆಕ್ಕ ಗೊತ್ತಿಲ್ಲದವನಿಗೆ ಎಷ್ಟು ಹಾಳಾಗುತ್ತಿದೆ ಎಂಬುದೂ ತಿಳಿಯದು. ಲೆಕ್ಕ ಕಷ್ಟದ್ದೇನಲ್ಲ. ಒಂದು ಎಕರೆಯ ಮೇಲೆ ಒಂದು ಇಂಚು ನೀರು ನಿಲ್ಲಿಸಲು ಸುಮಾರು 1,03,000 ಲೀಟರ್ ಬೇಕು. ಒಂದೂವರೆ ಇಂಚಿಗೆ 1,54,000 ಲೀಟರ್.

ಈ ನೀರನ್ನು ಎಷ್ಟು ಎತ್ತರಕ್ಕೆ ಎತ್ತಬೇಕು? ಉದಾಹರಣೆಗೆ, ಕೆರೆಯ ನೀರಿನ ಮಟ್ಟದಿಂದ ತೋಟದ ಮೇಲ್ತುದಿಗೆ 29 ಮೀಟರ್ ಏರು ಇದೆ ಎನ್ನೋಣ. ಜೆಟ್ ಸರಿಯಾಗಿ ಎಸೆಯಲು ಅದರ ಬುಡದಲ್ಲಿ ಚದರ ಸೆಂಟಿಮೀಟರಿಗೆ 2.8 ಕಿಲೋ ಒತ್ತಡ ಬೇಕಾದರೆ ಅದು 28 ಮೀಟರ್ ಎತ್ತರಕ್ಕೆ ಸಮ (ಒಂದು ಕಿಲೋ ಒತ್ತಡವೆಂದರೆ ಹತ್ತು ಮೀಟರ್ ನೀರಿನ ಕಂಬ). ಕೊಳವೆ, ಬೆಂಡು, ವಾಲ್ವುಗಳ ಘರ್ಷಣೆಗೆ 18 ಮೀಟರ್. ಒಟ್ಟು 75 ಮೀಟರ್. 1,54,000 ಲೀಟರ್ ನೀರನ್ನು 75 ಮೀಟರ್ ಎತ್ತಲು ಬೇಕಾಗುವ ಶಕ್ತಿ ಸುಮಾರು 31.5 ಯೂನಿಟ್, ಅಂದರೆ ಕಿಲೋವಾಟ್ ಗಂಟೆ. ಪಂಪು ತಾನು ಪಡೆದ ಶಕ್ತಿಯಲ್ಲಿ ಶೇಕಡ 55ನ್ನು ನೀರಿಗೆ ಕೊಟ್ಟರೆ ಎಂಜಿನ್ 57 ಯೂನಿಟ್ ಕೊಡಬೇಕು. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಅಡಗಿದೆ. ಸುಸ್ಥಿತಿಯಲ್ಲಿರುವ ಎಂಜಿನ್ ಅದರಲ್ಲಿ 3.4 ಯೂನಿಟ್‌ನಷ್ಟನ್ನು ಚಕ್ರಕ್ಕೆ ಕೊಡುವುದು. ಉಳಿದದ್ದು ಹೊಗೆಯ ಬಿಸಿಯಾಗಿ, ತಣಿಸುವ ನೀರಿನ ಬಿಸಿಯಾಗಿ ಹೋಗುತ್ತದೆ. ಹಾಗಾದರೆ ಎಕರೆಗೆ 17 ಲೀಟರ್.

ಈಗ ಅದೇ ತೋಟ, ಅದೇ ನೀರು. ಕೊಳವೆ ಸಣ್ಣದು, ಫುಟ್‌ವಾಲ್ವ್ ಇಕ್ಕಟ್ಟಿನದು. ಘರ್ಷಣೆ 18ರ ಬದಲು 28 ಮೀಟರ್. ಇಂಪೆಲ್ಲರ್ ಸವೆದು ಪಂಪಿನ ದಕ್ಷತೆ ಶೇಕಡ 40ಕ್ಕೆ ಇಳಿದಿದೆ. ನಾಜಲ್ ಹಳತಾಗಿ ಎಂಜಿನ್ ಲೀಟರಿಗೆ 2.6 ಯೂನಿಟ್ ಮಾತ್ರ ಕೊಡುತ್ತಿದೆ. ಮೂರರಲ್ಲಿ ಯಾವುದೂ ಎಂಜಿನ್ ನಿಲ್ಲುವಂತಹ ದೊಡ್ಡ ದೋಷವಲ್ಲ. ಆದರೆ ಮೂರೂ ಸೇರಿದಾಗ ಎಕರೆಗೆ 34 ಲೀಟರ್ ಬೇಕಾಗುತ್ತದೆ. ಸರಿಯಾಗಿ ಎರಡು ಪಟ್ಟು! ಹತ್ತು ಎಕರೆಗೆ ಒಂದು ಹೂಮಳೆಯಲ್ಲೇ 170 ಲೀಟರ್ ವ್ಯರ್ಥ. ಮೂರು ವಾರದ ಮೇಲೆ ಬ್ಯಾಕಿಂಗ್ ನೀರು ಕೊಡುವಾಗಿನದು ಬೇರೆ. ತಮ್ಮ ತೋಟದ ಏರು ಮತ್ತು ಜೆಟ್ಟಿನ ಒತ್ತಡವನ್ನು ಹಾಕಿ ಬೆಳೆಗಾರರು ಈ ಲೆಕ್ಕವನ್ನು ತಾವೇ ಮಾಡಿನೋಡಬೇಕು.

ಮಾರ್ಪಾಡಿಗೆ ಮೊದಲು ಅಳತೆ

ಅಳತೆಗೆ ಬೇಕಾಗುವುದು ಒಂದು ಲೀಟರ್ ಮಾಪು, ಗಡಿಯಾರ, ಒತ್ತಡಮಾಪಕ ಮತ್ತು ಒಂದೇ ಗಾತ್ರದ ಹತ್ತಾರು ನೇರ ಗೋಡೆಯ ಡಬ್ಬಿಗಳು. ಎಂಜಿನ್ ಮಟ್ಟವಾದ ಜಾಗದಲ್ಲಿರಲಿ. ಬಿಸಿಯಾದ ಮೇಲೆ ನಿಲ್ಲಿಸಿ, ಡೀಸೆಲ್ ಟ್ಯಾಂಕನ್ನು ಕತ್ತಿನ ಗುರುತಿನವರೆಗೆ ತುಂಬಿ ಸರಿಯಾಗಿ ಒಂದು ಗಂಟೆ ಓಡಿಸಿ. ಮತ್ತೆ ಅದೇ ಗುರುತಿಗೆ ತುಂಬಲು ಎಷ್ಟು ಮಾಪು ಹಿಡಿಯಿತೆಂದು ಬರೆದಿಡಿ. ಗಂಟೆಗೆ ಇಷ್ಟು ಲೀಟರ್ ಎಂಬ ಈ ಸಂಖ್ಯೆ ಒಂದರಿಂದಲೇ ಪ್ರಯೋಜನವಿಲ್ಲ. ನೀರು ಕಡಿಮೆಯಾದರೂ ಡೀಸೆಲ್ ಕಡಿಮೆಯಾಗುತ್ತದೆ, ಅದು ಉಳಿತಾಯವಲ್ಲ. ಆದ್ದರಿಂದ ನೀರನ್ನೂ ಅಳೆಯಬೇಕು. ಒಂದು ಜೆಟ್ಟಿನ ಮೂತಿಗೆ ಅಗಲವಾದ ಹೋಸ್ ಪೈಪು ಸಡಿಲವಾಗಿ ತೊಡಿಸಿ, 200 ಲೀಟರ್ ಡ್ರಮ್ಮಿಗೆ ನೀರು ಬಿಟ್ಟು ಎಷ್ಟು ಸೆಕೆಂಡಿನಲ್ಲಿ ತುಂಬುವುದೆಂದು ನೋಡಿ, ಜೆಟ್ಟುಗಳ ಸಂಖ್ಯೆಯಿಂದ ಗುಣಿಸಿದರೆ ಗಂಟೆಯ ನೀರು ಸಿಗುತ್ತದೆ. ಲಕ್ಷ ಲೀಟರ್ ನೀರಿಗೆ ಎಷ್ಟು ಲೀಟರ್ ಡೀಸೆಲ್ ಎಂಬುದೇ ನಂಬಬಹುದಾದ ಅಳತೆ.

ಡಬ್ಬಿಗಳನ್ನು ನಾಲ್ಕು ಜೆಟ್‌ಗಳ ನಡುವೆ, ಎಲೆಗಳ ಮರೆ ಬೀಳದಂತೆ ಗೂಟಗಳ ಮೇಲೆ ಸಾಲಾಗಿ ಇಡಬೇಕು. ಒಂದು ಗಂಟೆಯ ನಂತರ ಒಳಗಿನ ನೀರನ್ನು ಸ್ಕೇಲಿನಿಂದ ಅಳೆಯಿರಿ. ಸರಾಸರಿ 12 ಮಿಲಿಮೀಟರ್ ಬಂದರೆ 40 ಮಿಲಿಮೀಟರಿಗೆ ಮೂರು ಗಂಟೆ ಇಪ್ಪತ್ತು ನಿಮಿಷ ಸಾಕು. ಆಳುಗಳು ಊಟ ಮುಗಿಸಿ ಬಂದು ಜೆಟ್ ಬದಲಿಸುವಷ್ಟರಲ್ಲಿ ನಾಲ್ಕು ಗಂಟೆ ಆಗಿರುತ್ತದೆ. ಅಲ್ಲಿಗೆ ಶೇಕಡ 20 ಡೀಸೆಲ್ ಹೆಚ್ಚಾಯಿತು. ಯಾವ ಎಂಜಿನ್ ಮಾರ್ಪಾಡೂ ಇಷ್ಟನ್ನು ಉಳಿಸಿಕೊಡಲಾರದು. ಈ ಡಬ್ಬಿಗಳ ಸಲಹೆ ಕೇಳಿ ನಗುವವರು ಹಲವರು. ನಕ್ಕವರ ತೋಟದಲ್ಲೇ ಒಮ್ಮೆ ಇಟ್ಟುನೋಡಿ ಎಂದು ವಿಸ್ತರಣಾ ಕಾರ್ಯಕರ್ತರಲ್ಲಿ ನನ್ನ ವಿನಂತಿ.

ನೀರಿನ ಕಡೆಯ ಮಾರ್ಪಾಡುಗಳು

1973ರ ಕೊನೆಯಲ್ಲಿ ಜಗತ್ತಿನಾದ್ಯಂತ ತೈಲದ ಬೆಲೆ ದಿಢೀರನೆ ಏರಿದ ಮೇಲೆ ನಮ್ಮ ದೇಶದಲ್ಲೂ ಇಂಧನ ಉಳಿತಾಯದ ಪ್ರಯತ್ನಗಳು ಚುರುಕಾದವು. 1978ರಲ್ಲಿ ಸ್ಥಾಪನೆಯಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಸ್ಥೆಯು ನೀರಾವರಿ ಪಂಪ್‌ಸೆಟ್‌ಗಳ ಬಗ್ಗೆ ರೈತರಿಗೆ ಸಾರುತ್ತ ಬಂದಿರುವ ಮಾತು ಸರಳ: ಎಂಜಿನ್ ಬಿಚ್ಚುವ ಮೊದಲು ಫುಟ್‌ವಾಲ್ವ್ ಮತ್ತು ಪೈಪುಗಳನ್ನು ಸರಿಪಡಿಸಿ.

ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಫುಟ್‌ವಾಲ್ವುಗಳ ಜಾಲರಿಯ ತೂತುಗಳನ್ನೆಲ್ಲ ಕೂಡಿಸಿದರೂ ಪೈಪಿನ ಬಾಯಿಯಷ್ಟು ಅಗಲವಾಗದ ಉದಾಹರಣೆಗಳಿವೆ. ಒಳಗಿನ ಮುಚ್ಚಳವೂ ಪೂರ್ತಿ ತೆರೆಯುವುದಿಲ್ಲ. ತೂತುಗಳ ಒಟ್ಟು ಅಗಲ ಪೈಪಿನ ಬಾಯಿಯ ಎರಡು ಮೂರು ಪಟ್ಟಾದರೂ ಇರಬೇಕು. ಭಾರತೀಯ ಮಾನಕ 10805ರ ಗುರುತುಳ್ಳ ಕಡಿಮೆ ಘರ್ಷಣೆಯ ಫುಟ್‌ವಾಲ್ವ್ ಕೇಳಿ ಪಡೆಯಿರಿ. ಇದರ ಸುತ್ತ ಮನೆಯಲ್ಲೇ ಮಾಡಬಹುದಾದ ಒಂದು ಏರ್ಪಾಡು, ಬಿದಿರಿನ ದೊಡ್ಡ ಕುಕ್ಕೆ. ಕುಕ್ಕೆ ಫುಟ್‌ವಾಲ್ವಿಗಿಂತ ನಾಲ್ಕೈದು ಪಟ್ಟು ದೊಡ್ಡದಾಗಿದ್ದು, ಕೆರೆಯ ತಳದಿಂದ ಅರ್ಧ ಮೀಟರ್ ಮೇಲೆ ತೂಗುವಂತಿರಲಿ. ಎಲೆ ಕುಕ್ಕೆಗೆ ಅಂಟಿದರೂ ನೀರಿಗೆ ದಾರಿ ಇರುತ್ತದೆ. ಫೆಬ್ರವರಿಯಲ್ಲಿ ಸಿಲ್ವರ್ ಓಕ್ ಎಲೆ ಉದುರುವ ತೋಟಗಳಲ್ಲಿ ಇದನ್ನು ಪ್ರತಿ ಪಾಳಿಯಲ್ಲೂ ಒಮ್ಮೆ ಕೊಡವಬೇಕು. ನಮ್ಮ ಮನೆಯಲ್ಲಿ ಈಗ ಮೂರು ಕುಕ್ಕೆಗಳಿವೆ, ಕಾರಣ ಮೇಲೆ ಹೇಳಿದ್ದೇನೆ.

ಸಕ್ಷನ್ ಬದಿಯಲ್ಲಿ ಕೊಡಗಿನವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಪಂಪು ನೀರನ್ನು ಎಳೆಯುವುದಿಲ್ಲ. ಹೊರಗಿನ ಗಾಳಿ ನೀರನ್ನು ಪಂಪಿನೊಳಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 10.3 ಮೀಟರ್ ನೀರಿಗೆ ಸಮವಾದರೆ, ಸಾವಿರ ಮೀಟರ್ ಎತ್ತರದಲ್ಲಿ ಅದು 9.2 ಮೀಟರಿಗೆ ಇಳಿಯುತ್ತದೆ. ಬಯಲುಸೀಮೆಯ ಕೈಪಿಡಿ ಹೇಳುವ ಸಕ್ಷನ್ ಎತ್ತರ ಇಲ್ಲಿಗೆ ಹೊಂದುವುದಿಲ್ಲ. ನೀರಿನಿಂದ ಪಂಪಿಗೆ ಇರುವ ಎತ್ತರ ಐದು ಮೀಟರ್ ಮೀರದಂತೆ ನೋಡಿಕೊಳ್ಳುವುದು ಕ್ಷೇಮ. ಕೆರೆ ಇಳಿದಂತೆಲ್ಲ ಪಂಪಿನ ಟ್ರಾಲಿಯನ್ನೂ ಇಳಿಸಬೇಕು. ಈ ಕೆಲಸಕ್ಕೆ ಬೇಸರಪಟ್ಟರೆ ಪಂಪು ಕಲ್ಲು ಕುಲುಕಿದಂತೆ ಸದ್ದು ಮಾಡಿ ತಿಳಿಸುತ್ತದೆ.

ಡೆಲಿವರಿ ಪೈಪಿನಲ್ಲಿ ವ್ಯಾಸವೇ ಎಲ್ಲ. ಅಷ್ಟೇ ನೀರನ್ನು 3 ಇಂಚಿನ ಬದಲು 2.5 ಇಂಚಿನ ಪೈಪಿನಲ್ಲಿ ತಳ್ಳಿದರೆ ಘರ್ಷಣೆ ಸುಮಾರು ಎರಡೂವರೆ ಪಟ್ಟಾಗುತ್ತದೆ. ಪೈಪಿನ ಬೆಲೆ ಒಮ್ಮೆ ಕೊಡುವುದು, ಡೀಸೆಲ್ ಬೆಲೆ ಪ್ರತಿ ವರ್ಷ. ಹೊಸದಾಗಿ ಕೊಳ್ಳುವವರು ಮುಖ್ಯ ಲೈನಿನ ಪೈಪನ್ನು ಒಂದು ಅಳತೆ ದೊಡ್ಡದಾಗಿಯೇ ತೆಗೆದುಕೊಳ್ಳಲಿ. ಪಂಪಿನ ಬಾಯಿಯಲ್ಲಿ ತಟಕ್ಕನೆ ತಿರುಗುವ ಮೊಂಡು ಬೆಂಡಿಗೆ ಬದಲು ಉದ್ದ ಬೆಂಡು ಹಾಕುವುದೂ ಒಳ್ಳೆಯದು. ವಾಷರ್ ಹೋದ ಜಾಯಿಂಟುಗಳ ಸೋರಿಕೆ ಎಲ್ಲರ ಕಣ್ಣಿಗೂ ಕಾಣುವಂಥದು, ಹೇಳಬೇಕಾದದ್ದಿಲ್ಲ.

ವೇಗವನ್ನು ಎಲ್ಲಿ ಇಳಿಸಬೇಕು, ಎಲ್ಲಿ ಇಳಿಸಬಾರದು

ಎಂಜಿನ್ ನಿಧಾನ ಮಾಡಿದರೆ ಡೀಸೆಲ್ ಉಳಿಯುವುದೆಂದು ಹಲವರು ಎಳೆ ಇಳಿಸಿ ಓಡಿಸುತ್ತಾರೆ. ಇದು ಅರ್ಧ ಸತ್ಯ. ಪಂಪಿನ ವೇಗ ಶೇಕಡ 10 ಇಳಿದರೆ ನೀರು ಶೇಕಡ 10, ಒತ್ತಡ ಶೇಕಡ 19, ಬೇಕಾಗುವ ಶಕ್ತಿ ಶೇಕಡ 27 ಇಳಿಯುತ್ತವೆ. ಏರಿನ ಮೇಲಿನ ಬ್ಲಾಕಿನಲ್ಲಿ ಹೀಗೆ ಮಾಡಿದರೆ ಜೆಟ್‌ಗಳ ಎಸೆತ ಒಂದರ ಮೇಲೊಂದು ಬೀಳದೆ ನಡುವೆ ಒಣಗು ಉಳಿಯುತ್ತದೆ. ಆ ಒಣಗಿನಲ್ಲಿರುವ ಗಿಡಗಳು ಹೂವಿನ ದಿನ ಹಸಿರಾಗಿಯೇ ನಿಂತಿರುವುದನ್ನು ದೂರದಿಂದಲೇ ಗುರುತಿಸಬಹುದು.

ಕೆಳಗಿನ ಬ್ಲಾಕಿನಲ್ಲಾದರೆ ಸ್ಥಿತಿ ಬೇರೆ. ಗದ್ದೆಯ ಅಂಚಿನ ಕಾಫಿಗೂ ಗುಡ್ಡದ ನೆತ್ತಿಯ ಕಾಫಿಗೂ ಒಂದೇ ಪಂಪು ಓಡುವ ತೋಟಗಳು ನಮ್ಮಲ್ಲಿ ಬಹಳ. ಕೆಳಗೆ ಒತ್ತಡ ಮಿತಿಮೀರಿ ನೀರು ಮಂಜಿನಂತೆ ಒಡೆದಾಗ ಗೇಟ್‌ವಾಲ್ವನ್ನು ಅರ್ಧ ಮುಚ್ಚುವುದು ರೂಢಿ. ಮುಚ್ಚಿದ ವಾಲ್ವಿನಲ್ಲಿ ಕೊಲ್ಲುವ ಒತ್ತಡವೂ ಡೀಸೆಲ್ ಸುಟ್ಟು ಹುಟ್ಟಿಸಿದ್ದೇ. ಇಲ್ಲಿ ವಾಲ್ವನ್ನು ಪೂರ್ತಿ ತೆರೆದಿಟ್ಟು, ಜೆಟ್ ಬುಡದ ಒತ್ತಡಮಾಪಕ ಬೇಕಾದ ಗುರುತಿಗೆ ಬರುವವರೆಗೆ ಎಂಜಿನ್ನಿನ ವೇಗವನ್ನೇ ಇಳಿಸಬೇಕು. ಕಾಸು ಖರ್ಚಿಲ್ಲದ ಮಾರ್ಪಾಡು ಇದು. ಆದರೂ ಇದನ್ನು ಮಾಡುವವರನ್ನು ನಾನು ಕಂಡದ್ದು ಬೆರಳೆಣಿಕೆಯಷ್ಟು.

ಜೆಟ್ ಕುಗ್ಗಿದಾಗ ದೋಷ ಎಲ್ಲಿದೆ ಎಂದು ತಿಳಿಯುವ ಬಗೆಯನ್ನೂ ಇಲ್ಲೇ ಹೇಳುತ್ತೇನೆ. ಎಂಜಿನ್ ಹಗುರವಾಗಿ, ಹೊಗೆಯಿಲ್ಲದೆ ಓಡುತ್ತಿದ್ದು ಜೆಟ್ ಕುಗ್ಗಿದ್ದರೆ ಪಂಪಿಗೆ ನೀರು ಬರುತ್ತಿಲ್ಲ: ಫುಟ್‌ವಾಲ್ವ್, ಸಕ್ಷನ್ ಪೈಪಿನ ಗಾಳಿ ಸೋರಿಕೆ, ಇಂಪೆಲ್ಲರಿಗೆ ಸಿಕ್ಕ ಕಸ ಇವನ್ನು ನೋಡಿ. ಬೆಲ್ಟು ಜಾರುತ್ತಿದ್ದರೂ ಎಂಜಿನ್ ಹಗುರವೇ. ಆಗ ರಾಟೆ ಕೈ ಸುಡುವಷ್ಟು ಕಾದಿರುತ್ತದೆ. ಎಂಜಿನ್ ನರಳುತ್ತ ಕಪ್ಪು ಹೊಗೆ ಬಿಡುತ್ತಿದ್ದು ಜೆಟ್ ಕುಗ್ಗಿದ್ದರೆ ಮಾತ್ರ ದೋಷ ಎಂಜಿನ್ನಿನಲ್ಲೋ ಅತಿಯಾದ ಹೊರೆಯಲ್ಲೋ ಇದೆ. ಇಷ್ಟು ತಿಳಿದಿದ್ದರೆ ನಮ್ಮ ಪಿಸ್ಟನ್ ಉಳಿಯುತ್ತಿತ್ತು.

ಎಂಜಿನ್ನಿನ ಕಡೆ

ಮೊದಲನೆಯದು ತಣಿಸುವ ನೀರು. ಡೆಲಿವರಿ ಪೈಪಿನಿಂದ ಸಣ್ಣ ಕೊಳವೆ ಎಳೆದು ಹೊಳೆಯ ತಣ್ಣೀರನ್ನು ನೇರ ಎಂಜಿನ್ನಿಗೆ ಬಿಡುವುದು ಸಾಮಾನ್ಯ. ಹೊರಬರುವ ನೀರು ಸ್ನಾನಕ್ಕೂ ಸಾಲದಷ್ಟು ತಣ್ಣಗಿದ್ದರೆ ಎಂಜಿನ್ ಚೆನ್ನಾಗಿದೆಯೆಂದು ಮಾಲೀಕರಿಗೆ ಸಮಾಧಾನ. ವಾಸ್ತವವಾಗಿ ಅತಿ ತಣ್ಣಗಿರುವ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಗೋಡೆಗೆ ಅಂಟಿ, ಎಣ್ಣೆಯನ್ನು ತೆಳುಮಾಡಿ ಲೈನರನ್ನು ಸವೆಸುವುದು. ಹೊರಬರುವ ನೀರು 60ರಿಂದ 70 ಡಿಗ್ರಿ ಸೆಂಟಿಗ್ರೇಡ್, ಅಂದರೆ ಕೈ ಇಡಲಾರದಷ್ಟು ಬಿಸಿ ಇರಬೇಕು. ಒಳಬರುವ ಕೊಳವೆಗೆ ಒಂದು ಸಣ್ಣ ವಾಲ್ವ್, ಹೊರಬರುವ ಕಡೆ ಒಂದು ಉಷ್ಣಮಾಪಕ ಹಾಕಿದರೆ ಸಾಕು. ಇನ್ನೂ ಉತ್ತಮವೆಂದರೆ ಎಂಜಿನ್ನಿಗಿಂತ ಎತ್ತರದಲ್ಲಿ ನೀರಿನ ಡ್ರಮ್ ಇಟ್ಟು, ಬಿಸಿನೀರು ತಾನಾಗಿ ಮೇಲೇರಿ ತಣ್ಣೀರು ಕೆಳಗಿಳಿಯುವಂತೆ ಎರಡು ಕೊಳವೆ ಜೋಡಿಸುವುದು. ಇದು ಸಣ್ಣ, ನಿಧಾನ ವೇಗದ ಎಂಜಿನ್‌ಗಳಿಗೆ ಮಾತ್ರ. ಪಂಪು ನೀರು ಬಿಟ್ಟರೂ ಇಲ್ಲಿ ಎಂಜಿನ್ ಕಾಯುವುದಿಲ್ಲ ಎಂಬುದು ಹೆಚ್ಚಿನ ಲಾಭ. ರೇಡಿಯೇಟರ್ ಇರುವ ಎಂಜಿನ್ನಿನ ಥರ್ಮೋಸ್ಟಾಟನ್ನು ತೆಗೆದು ಎಸೆಯುವುದೂ ಇದೇ ತಪ್ಪಿನ ಇನ್ನೊಂದು ರೂಪ.

ಎರಡನೆಯದು, ಡೀಸೆಲ್ ಪಂಪಿನ ಮುದ್ರೆ ಒಡೆದು ತಿರುಪು ಬಿಚ್ಚುವುದು. ಇದನ್ನು ಎಲ್ಲಿಯೂ ಮಾಡಬಾರದು, ಕೊಡಗಿನಲ್ಲಂತೂ ಕೂಡದು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಸಾವಿರ ಮೀಟರ್ ಎತ್ತರದಲ್ಲಿ ತನ್ನ ಬಲದಲ್ಲಿ ಸುಮಾರು ಶೇಕಡ 10 ಕಳೆದುಕೊಳ್ಳುವುದು ಸ್ವಾಭಾವಿಕ. ಕೊರತೆಯಿರುವುದು ಗಾಳಿಗೆ. ಅದಕ್ಕೆ ಇನ್ನಷ್ಟು ಡೀಸೆಲ್ ಸುರಿದರೆ ಬಲ ಸ್ವಲ್ಪ ಬಂದರೂ ಉಳಿದದ್ದು ಕಪ್ಪು ಹೊಗೆಯಾಗಿ ಹೋಗುತ್ತದೆ. 25 ಅಶ್ವಶಕ್ತಿಯ ಎಂಜಿನ್ನನ್ನು ಇಲ್ಲಿ ಇಪ್ಪತ್ತೆರಡೂವರೆ ಎಂದೇ ಲೆಕ್ಕಹಿಡಿದು ಪಂಪು ಆರಿಸಬೇಕು.

ಗಾಳಿ ಶೋಧಕಕ್ಕೆ ಇದೇ ಕಾರಣದಿಂದ ಹೆಚ್ಚಿನ ಮಹತ್ವ. ಫೆಬ್ರವರಿಯ ಧೂಳಿನಲ್ಲಿ ಎಣ್ಣೆ ತೊಟ್ಟಿಯ ಶೋಧಕವನ್ನು ವಾರಕ್ಕೊಮ್ಮೆ ತೊಳೆದು ಹೊಸ ಎಣ್ಣೆ ಹಾಕಿ. ಹೊಗೆ ಹೆಚ್ಚಾದರೆ ಅದನ್ನೇ ಮೊದಲು ನೋಡುವುದು ರೂಢಿಯಾಗಲಿ. ನಾಜಲನ್ನು ತಂತಿಯಿಂದ ಚುಚ್ಚಬೇಡಿ. ತೂತು ಹಿಗ್ಗಿದರೆ ಡೀಸೆಲ್ ಸಿಂಪಡಣೆಯಾಗದೆ ಹನಿಯಾಗಿ ಬೀಳುತ್ತದೆ. ಹಂಗಾಮಿಗೆ ಮೊದಲು ಪರೀಕ್ಷಾ ಯಂತ್ರವಿರುವ ವರ್ಕ್‌ಶಾಪಿಗೆ ಕೊಟ್ಟು ಒತ್ತಡ ಸರಿಮಾಡಿಸಬೇಕು. ಸಿಂಪಡಣೆ ನೋಡಲೆಂದು ನಾಜಲಿನ ಮುಂದೆ ಕೈ ಹಿಡಿಯುವುದು ಅಪಾಯ. ಆ ಒತ್ತಡದಲ್ಲಿ ಡೀಸೆಲ್ ಚರ್ಮ ತೂರಿ ಒಳಹೋದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಇನ್ನು ಸೋರಿಕೆ: ಸೆಕೆಂಡಿಗೊಂದು ಹನಿ ಬಿದ್ದರೆ ದಿನರಾತ್ರಿಗೆ ನಾಲ್ಕು ಲೀಟರ್ ಮೀರುತ್ತದೆ.

ಹಳೆಯ ಲಾರಿಯ ಎಂಜಿನ್ನನ್ನು ಗುಜರಿಯಿಂದ ತಂದು ಪಂಪಿಗೆ ಜೋಡಿಸುವ ಪದ್ಧತಿ ನಮ್ಮ ಜಿಲ್ಲೆಯಲ್ಲಿ ಇದೆ. ಮನೆಯಲ್ಲೇ ಮಾಡುವ ಮಾರ್ಪಾಡುಗಳಲ್ಲಿ ಇದು ಅತ್ಯಂತ ಜಾಣತನದ್ದೆಂದು ಹೆಸರಾಗಿದೆ. ಕೊಳ್ಳುವ ಬೆಲೆ ಅಗ್ಗ ಎಂಬುದು ನಿಜ. ಆದರೆ ನೂರು ಅಶ್ವಶಕ್ತಿಯ ಎಂಜಿನ್ನಿಗೆ ಇಪ್ಪತ್ತರ ಹೊರೆ ಕೊಟ್ಟರೆ, ಅದು ತನ್ನ ಪಿಸ್ಟನ್, ಫ್ಯಾನು, ನೀರಿನ ಪಂಪುಗಳನ್ನು ತಿರುಗಿಸಲೇ ಡೀಸೆಲ್ಲಿನ ದೊಡ್ಡ ಪಾಲನ್ನು ಸುಡುತ್ತದೆ. ಹತ್ತಿಪ್ಪತ್ತು ಗಂಟೆ ಓಡಿಸುವ ಸಣ್ಣ ತೋಟಕ್ಕೆ ಹೇಗೋ ನಡೆದೀತು. ಹಂಗಾಮಿನಲ್ಲಿ ಮುನ್ನೂರು ಗಂಟೆ ಓಡಿಸುವವರು ಮೇಲೆ ಹೇಳಿದ ಅಳತೆ ಮಾಡಿ, ಹೊರೆಗೆ ತಕ್ಕ ಎಂಜಿನ್ನಿನೊಡನೆ ಹೋಲಿಸಿ ನಿರ್ಧರಿಸಲಿ.

ಹೊಂಗೆ ಎಣ್ಣೆ ಹಾಕಬಹುದೆ?

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿಯೇ ಡೀಸೆಲ್ ಎಂಜಿನ್ನೊಂದನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಲಾಗಿತ್ತು. ಹೊಂಗೆ ಎಣ್ಣೆಯಿಂದಲೂ ಓಡುತ್ತದೆ. ಆದರೆ ಗಾಣದ ಎಣ್ಣೆ ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು ಮಂದ. ನಾಜಲಿನಲ್ಲಿ ಸಣ್ಣ ಹನಿಯಾಗಿ ಒಡೆಯದೆ ಮಸಿ ಕಟ್ಟುತ್ತದೆ, ರಿಂಗುಗಳನ್ನು ಅಂಟಿಸುತ್ತದೆ. ಮಿಥನಾಲಿನೊಡನೆ ಸಂಸ್ಕರಿಸಿ ಜೈವಿಕ ಡೀಸೆಲ್ ಮಾಡಿದ ಮೇಲೆ ಈ ತೊಂದರೆ ಬಹಳಮಟ್ಟಿಗೆ ನೀಗುವುದು. ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಜೈವಿಕ ಇಂಧನ ಉದ್ಯಾನವನ್ನು ಸ್ಥಾಪಿಸಿ ಈ ಕ್ಷೇತ್ರದಲ್ಲಿ ಕೆಲಸ ಮಾಡಿದೆ. ಮಿಥನಾಲ್ ವಿಷ, ಬೇಗ ಬೆಂಕಿ ಹಿಡಿಯುವ ವಸ್ತು. ಇದನ್ನು ಅಡಿಗೆಮನೆಯ ಹಿಂದೆ ಮಾಡುವ ಸಾಹಸ ಬೇಡ. ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುವುದಂತೂ ಪಂಪಿನ ಜಾರುಗುಣವನ್ನೇ ತೆಗೆದು ಅದನ್ನು ಸವೆಸುತ್ತದೆ.

ಜೀಪಿನ ವಿಷಯ

ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿಕೊಂಡ ಕಾಲದಿಂದಲೂ ಕೊಡಗಿನವರಿಗೆ ವಾಹನ ಬಿಚ್ಚುವ ಭಯವಿಲ್ಲ. ಇಂಧನ ಕೊಳವೆಗೆ ಅಯಸ್ಕಾಂತ ಕಟ್ಟುವುದು, ಬ್ಯಾಟರಿಯಿಂದ ನೀರನ್ನು ಒಡೆದು ಬಂದ ಅನಿಲವನ್ನು ಎಂಜಿನ್ನಿಗೆ ಬಿಡುವುದು ಇಂತಹವನ್ನು ತೋರಿಸಿ ಮೆಚ್ಚುಗೆ ಕೇಳಿದವರಿದ್ದಾರೆ. ನೀರು ಒಡೆಯಲು ಬೇಕಾದ ವಿದ್ಯುತ್ತು ಡೈನಮೊದಿಂದ, ಡೈನಮೊ ತಿರುಗುವುದು ಎಂಜಿನ್ನಿನಿಂದ, ಎಂಜಿನ್ ಓಡುವುದು ಡೀಸೆಲ್ಲಿನಿಂದ. ಕೊಟ್ಟದ್ದಕ್ಕಿಂತ ಹೆಚ್ಚು ಮರಳಿ ಬರುವ ದಾರಿ ಇದರಲ್ಲಿಲ್ಲ.

ನಿಜವಾಗಿ ಫಲ ಕೊಡುವವು ಸಣ್ಣವು. ಟೈರಿನ ಗಾಳಿ ಸರಿಯಾಗಿರಲಿ. ಚಕ್ರ ಎತ್ತಿ ತಿರುಗಿಸಿ ಬ್ರೇಕು ಹಿಡಿದಿಲ್ಲವೆಂದು ನೋಡಿ. ಟಾರು ರಸ್ತೆಯಲ್ಲಿ ಮುಂದಿನ ಆಕ್ಸಲ್ಲನ್ನು ಬಿಡಿಸುವ ಫ್ರೀವೀಲ್ ಹಬ್ ಇದ್ದರೆ ಬಳಸಿ. ಖಾಲಿ ಕ್ಯಾರಿಯರನ್ನು ಇಳಿಸಿಡಿ. ದೊಡ್ಡ ಟೈರು ಹಾಕಿದರೆ ಮೀಟರ್ ತಪ್ಪು ಓದುವುದರಿಂದ ಮೈಲೇಜಿನ ಲೆಕ್ಕವೂ ತಪ್ಪುತ್ತದೆ ಎಂಬುದು ನೆನಪಿರಲಿ. ಸಂಪಾಜೆ ಘಾಟಿಯಲ್ಲಿ ಇಳಿಯುವಾಗ ನ್ಯೂಟ್ರಲ್ ಮಾಡುವವರಿಗೆ ಒಂದು ಮಾತು. ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಗವರ್ನರ್ ಡೀಸೆಲ್ಲನ್ನು ನಿಲ್ಲಿಸುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಉರಿಯುತ್ತಿರಲು ಡೀಸೆಲ್ ಬೇಕು. ಉಳಿತಾಯವಿಲ್ಲ, ಬ್ರೇಕ್ ಕಾಯ್ದು ಪ್ರಾಣಕ್ಕೆ ಅಪಾಯ ಮಾತ್ರ ಇದೆ. 2020ರ ಏಪ್ರಿಲ್‌ನಿಂದ ಬಂದಿರುವ ಬಿ.ಎಸ್. 6 ವಾಹನಗಳ ಡೀಸೆಲ್ ವ್ಯವಸ್ಥೆಗೆ ಮನೆಯಲ್ಲಿ ಕೈಹಾಕಲೇ ಬಾರದು. ನೋಂದಣಿಯಲ್ಲಿ ನಮೂದಾದ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡಿಗೆ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ನಿರ್ಬಂಧವೂ ಇದೆ.

ಮತ್ತೆ ಪಂಪಿಗೆ ಬರೋಣ. ಮಾರ್ಪಾಡುಗಳನ್ನು ಒಂದೇ ದಿನ ಎಲ್ಲವನ್ನೂ ಮಾಡಬೇಡಿ. ಒಂದನ್ನು ಮಾಡಿ, ಅಳೆದು, ಬರೆದಿಟ್ಟು, ನಂತರ ಇನ್ನೊಂದು. ಹೂಮಳೆ ಪ್ರಾರಂಭಿಸುವ ಹದಿನೈದು ದಿನ ಮೊದಲೇ ಇವೆಲ್ಲ ಮುಗಿದು ಎರಡು ಗಂಟೆ ಪೂರ್ಣ ಹೊರೆಯಲ್ಲಿ ಓಡಿಸಿ ನೋಡಿರಬೇಕು. ನೀರು ಬಿಡುವ ದಿನ ಯಾವ ತಿರುಪನ್ನೂ ಮುಟ್ಟತಕ್ಕದ್ದಲ್ಲ. ಪಂಪು ಮನೆಯ ಕಿಟಕಿ ಮುಚ್ಚಿ ಓಡಿಸಬಾರದು, ಬೆಲ್ಟಿಗೆ ಕಟಕಟೆ ಇರಲಿ, ರಾತ್ರಿ ಪಾಳಿಯವರು ಪಂಚೆ ಉಟ್ಟು ಬೆಲ್ಟಿನ ಬಳಿ ಹೋಗದಿರಲಿ.

ಬ್ಯಾಕಿಂಗ್ ನೀರು ಮುಗಿದ ಮೇಲೆ ಪಂಪಿನ ತಳದ ತಿರುಪು ಬಿಚ್ಚಿ ನೀರು ಬಸಿಯಿರಿ. ಬೆಲ್ಟನ್ನು ಸಡಿಲಿಸಿ, ಸಿಲಿಂಡರಿಗೆ ಎರಡು ಚಮಚ ಎಣ್ಣೆ ಹಾಕಿ ಕೈಯಿಂದ ತಿರುಗಿಸಿ, ಹೊಗೆಕೊಳವೆಯ ಬಾಯಿಗೆ ಡಬ್ಬಿ ಮುಚ್ಚಬೇಕು. ಫುಟ್‌ವಾಲ್ವನ್ನು ಕೆರೆಯಲ್ಲೇ ಬಿಡದೆ ತೆಗೆದು ತೊಳೆದು, ಚರ್ಮದ ವಾಷರಿಗೆ ಎಣ್ಣೆ ಸವರಿ, ಜೂನ್ ಮಳೆ ಹಿಡಿಯುವ ಮೊದಲು ಒಳಗಿನ ಗೋಡೆಗೆ ತೂಗುಹಾಕಿ. ಅಳತೆಯ ಪುಸ್ತಕವನ್ನೂ ಅದೇ ಮೊಳೆಗೆ ಕಟ್ಟಿಡಿ, ಬರುವ ಜನವರಿಯಲ್ಲಿ ಹುಡುಕುವುದು ತಪ್ಪುತ್ತದೆ.